ಗುಡ್ಡ ಕುಸಿದ ಸುದ್ದಿ ಮಾದರಿಗೆ ಕಾಣದಿದ್ದರೆ: ಕನ್ನಡ ಪಠ್ಯದಲ್ಲಿ ಘಟನೆ ಪತ್ತೆಯ ದೋಷ ನಿವಾರಣೆ

ಉತ್ತರ ಕನ್ನಡದ ಮಳೆಗಾಲದ ಸುದ್ದಿಗಳನ್ನು ಓದಿ, ಎಲ್ಲಿ ಗುಡ್ಡ ಕುಸಿಯಿತು, ಯಾವ ಘಟ್ಟದಲ್ಲಿ ಸಂಚಾರ ನಿಂತಿತು, ಯಾವ ಅಣೆಕಟ್ಟೆಯ ಗೇಟು ತೆರೆದರು ಎಂದು ತಾನಾಗಿ ಗುರುತಿಸುವ, ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್ ಮಾದರಿ ಕೈಕೊಟ್ಟಾಗ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕೈಕೊಡುವ ಬಗೆ ಸಾಮಾನ್ಯವಾಗಿ ಹೀಗಿರುತ್ತದೆ: ತರಬೇತಿಯ ಹೊತ್ತಿನಲ್ಲಿ ಅಂಕ ಚೆನ್ನಾಗಿಯೇ ಬಂದಿರುತ್ತದೆ. ಜೂನ್ ದಾಟಿ ಮಳೆ ಜೋರಾದ ಮೇಲೆ ನೋಡಿದರೆ, ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದ ಸುದ್ದಿ ಅದಕ್ಕೆ ಕಂಡಿಲ್ಲ. ಶಿರಸಿಯಲ್ಲಿ ಅಡಿಕೆ ದರ ಕುಸಿದದ್ದನ್ನು ಮಾತ್ರ ಭೂಕುಸಿತವೆಂದು ಬಗೆದು ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಟ್ಟಿದೆ.

ಆಗ ಹೆಚ್ಚಿನವರು ಮಾದರಿಯನ್ನೇ ಬದಲಿಸಲು ಹೊರಡುತ್ತಾರೆ. ಇನ್ನೂ ದೊಡ್ಡದು, ಇನ್ನೂ ಹೊಸದು ತಂದರೆ ಸರಿಹೋದೀತು ಎಂಬ ಆಸೆ. ನಾನು ಕಂಡಂತೆ ದೋಷ ನೆಟ್‌ವರ್ಕಿನ ಒಳಗಿರುವುದು ಅಪರೂಪ. ಅದು ನೆಟ್‌ವರ್ಕಿಗೆ ತಲುಪುವ ಮುಂಚಿನ ಕನ್ನಡದಲ್ಲೇ ಇರುತ್ತದೆ: ಅಕ್ಷರಗಳ ಸಂಕೇತದಲ್ಲಿ, ಪದ ಒಡೆಯುವ ಕ್ರಮದಲ್ಲಿ, ತರಬೇತಿಗಾಗಿ ಜನ ಸುದ್ದಿಗಳಲ್ಲಿನ ಘಟನೆಗಳಿಗೆ ಗುರುತು ಹಾಕಿದ ರೀತಿಯಲ್ಲಿ. ಆದ್ದರಿಂದ ಅಕ್ಷರದಿಂದ ಶುರುಮಾಡಿ ಮೇಲಕ್ಕೆ ಬನ್ನಿ, ನೆಟ್‌ವರ್ಕನ್ನು ಕೊನೆಗೆ ಮುಟ್ಟಿ. ಆರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಹೋಗಬೇಕೋ ಬೇಡವೋ ಎಂದು ಈ ನಕ್ಷೆ ನೋಡಿ ತೀರ್ಮಾನಿಸುವವರಿದ್ದಾರೆ. ಒಂದು ಕುಸಿತ ತಪ್ಪಿಹೋದರೂ ಅವರಿಗೆ ಅಪಾಯ. ಸುಳ್ಳು ಎಚ್ಚರಿಕೆ ಪದೇಪದೇ ಬಂದರೆ ನಿಜವಾದ ಎಚ್ಚರಿಕೆಯನ್ನೂ ಅವರು ನಂಬುವುದಿಲ್ಲ.

ದೋಷ ಯಾವ ಜಾತಿಯದು

ಘಟನೆ ಪತ್ತೆಯಲ್ಲಿ ಮಾದರಿ ಮಾಡುವ ಕೆಲಸ ಎರಡು. ಘಟನೆಯನ್ನು ಅತ್ಯಂತ ಸ್ಪಷ್ಟವಾಗಿ ಸೂಚಿಸುವ ಪದವನ್ನು ಹಿಡಿಯುವುದು ಮೊದಲನೆಯದು. ಇದನ್ನು ಸೂಚಕ ಪದ ಎನ್ನೋಣ. ಆ ಘಟನೆಯ ಬಗೆ, ಸ್ಥಳ, ಕಾಲ, ಅದಕ್ಕೆ ಸಿಲುಕಿದವರು ಯಾರು ಎಂದು ಹೇಳುವುದು ಎರಡನೆಯದು. ‘ಮಾದರಿ ಸರಿಯಿಲ್ಲ’ ಎಂಬ ದೂರು ಬಂದಾಗ ಇವುಗಳಲ್ಲಿ ಯಾವುದು ಕೆಟ್ಟಿದೆ ಎಂದು ಬೇರ್ಪಡಿಸದೆ ಮುಂದೆ ಹೋಗಬೇಡಿ.

ಒಟ್ಟು ನಿಖರತೆಯ ಶೇಕಡಾವಾರು ಅಂಕವನ್ನು ನೋಡಲೇಬೇಡಿ. ನೂರು ಪದಗಳ ಸುದ್ದಿಯಲ್ಲಿ ಸೂಚಕ ಪದಗಳು ಮೂರಿದ್ದರೆ, ಏನನ್ನೂ ಗುರುತಿಸದ ಮಾದರಿಗೂ 97 ಅಂಕ ಸಿಗುತ್ತದೆ. ಹಿಡಿದವುಗಳಲ್ಲಿ ಸರಿಯಾದವೆಷ್ಟು, ಹಿಡಿಯಬೇಕಾಗಿದ್ದವುಗಳಲ್ಲಿ ಹಿಡಿದವೆಷ್ಟು ಎಂಬ ಎರಡು ಲೆಕ್ಕ, ಅಂದರೆ ಪ್ರಿಸಿಷನ್ ಮತ್ತು ರೀಕಾಲ್, ಘಟನೆಯ ಒಂದೊಂದು ಬಗೆಗೂ ಬೇರೆಬೇರೆಯಾಗಿ ಬೇಕು. ಎರಡನ್ನೂ ಬೆಸೆದ ಎಫ್‌1 ಅಂಕ ಪ್ರಬಂಧಕ್ಕೆ ಸಾಕು, ದೋಷ ಹುಡುಕಲು ಸಾಲದು. ರೀಕಾಲ್ ಎಲ್ಲ ಬಗೆಗಳಲ್ಲೂ ಒಟ್ಟಿಗೆ ಬಿದ್ದಿದ್ದರೆ ಅಕ್ಷರದ ಹಂತವನ್ನು ಶಂಕಿಸಿ. ಒಂದೇ ಬಗೆಯಲ್ಲಿ ಬಿದ್ದಿದ್ದರೆ ಗುರುತು ಹಾಕಿದವರ ಕಡತಗಳನ್ನು ತೆರೆಯಿರಿ. ಪ್ರಿಸಿಷನ್ ಮಾತ್ರ ಬಿದ್ದಿದ್ದರೆ ಪದದ ಅರ್ಥದ ಗೊಂದಲ ಇರುವ ಸಂಭವ ಹೆಚ್ಚು.

ತಪ್ಪಿದ ವಾಕ್ಯಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು ಕಣ್ಣಿನಿಂದ ಓದಿ. ಇದಕ್ಕೆ ಬದಲಿ ಯಾವುದೂ ಇಲ್ಲ.

ಅಕ್ಷರದ ಹಂತ

ಬರ್ಟ್ ಎಂಬ ಭಾಷಾ ಮಾದರಿಯ ವಂಶದಲ್ಲಿ, ಪಠ್ಯವನ್ನು ತುಂಡುಗಳಾಗಿ ಒಡೆಯುವ ಟೋಕನೈಸರ್‌ಗಳಲ್ಲಿ ದೊಡ್ಡಕ್ಷರವನ್ನು ಸಣ್ಣಕ್ಷರವಾಗಿಸುವ ಒಂದು ಆಯ್ಕೆ ಇರುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬುದೇ ಇಲ್ಲವಾದ್ದರಿಂದ ಅದು ಚಾಲೂ ಇದ್ದರೂ ನಷ್ಟವಿಲ್ಲ ಎಂದು ತೋರುತ್ತದೆ. ಆದರೆ ಅದು ಚಾಲೂ ಇದ್ದಾಗ, ಬೇರೆ ಸೂಚನೆ ಕೊಡದಿದ್ದರೆ, ಅಕ್ಷರಗಳ ಮೇಲಿನ ಸ್ವರಭಾರ ಚಿಹ್ನೆಗಳನ್ನು ಅಳಿಸುವ ಕೆಲಸವೂ ಜೊತೆಗೇ ನಡೆಯುತ್ತದೆ. ಯೂರೋಪಿನ ಭಾಷೆಗಳಿಗಾಗಿ ಇಟ್ಟ ಏರ್ಪಾಡು ಅದು. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ನಮ್ಮ ಗುಡಿಸು, ಎತ್ವ, ಔತ್ವ ಮತ್ತು ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆಗಳನ್ನು ಅದೇ ವರ್ಗಕ್ಕೆ ಸೇರಿಸಿದೆ. ಇಳಿ, ಕೊಂಬುಗಳು ಬೇರೆ ವರ್ಗ. ಹೀಗಾಗಿ ಮಾದರಿಗೆ ‘ಗುಡ್ಡ ಕುಸಿದಿದೆ’ ಎಂಬುದು ‘ಗುಡಡ ಕುಸದದ’ ಎಂದು ತಲುಪುತ್ತದೆ. ‘ಹೆದ್ದಾರಿ’ ಹೋಗಿ ‘ಹದದಾರ’ ಆಗುತ್ತದೆ. ಓತ್ವ ಮೊದಲು ಎರಡು ತುಂಡಾಗಿ, ಅದರಲ್ಲಿನ ಎತ್ವ ಉದುರಿ, ‘ಹೊಳೆ’ ‘ಹೂಳ’ ಎಂದಾಗುತ್ತದೆ.

ನೆರೆ, ನರಿ, ನರ ಮೂರೂ ‘ನರ’ ಎಂಬ ಒಂದೇ ಪದವಾಗಿ ಕೂಡಿಕೊಳ್ಳುತ್ತವೆ. 2021ರ ಜುಲೈ ಮಳೆಯಲ್ಲಿ ಭೂಕುಸಿತದಿಂದ ತತ್ತರಿಸಿದ ಯಲ್ಲಾಪುರ ತಾಲ್ಲೂಕಿನ ಕಳಚೆ ಗ್ರಾಮದ ಹೆಸರಿಗೂ ‘ಹೆಂಚು ಕಳಚಿ’ ಎನ್ನುವಾಗಿನ ‘ಕಳಚಿ’ಗೂ ವ್ಯತ್ಯಾಸ ಉಳಿಯುವುದಿಲ್ಲ, ಎರಡೂ ‘ಕಳಚ’.

ಈ ದೋಷದ ಕೆಟ್ಟ ಗುಣವೆಂದರೆ ಅಂಕ ಸೊನ್ನೆಗೆ ಇಳಿಯುವುದಿಲ್ಲ. ತರಬೇತಿಯ ಪಠ್ಯ, ಪರೀಕ್ಷೆಯ ಪಠ್ಯ ಎರಡೂ ಒಂದೇ ರೀತಿ ವಿರೂಪಗೊಂಡಿರುವುದರಿಂದ ಮಾದರಿ ಆ ಮುರುಕು ಕನ್ನಡದಲ್ಲೇ ಏನೋ ಒಂದಷ್ಟು ಕಲಿಯುತ್ತದೆ. ‘ಕನ್ನಡದ ದತ್ತಾಂಶ ಕಡಿಮೆ, ಇಷ್ಟೇ ಬರುವುದು’ ಎಂದು ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಪರೀಕ್ಷಿಸುವ ದಾರಿ ಸುಲಭ: ಒಂದು ವಾಕ್ಯವನ್ನು ಟೋಕನೈಸರ್‌ಗೆ ಕೊಟ್ಟು, ಅದು ಒಡೆದ ತುಂಡುಗಳನ್ನು ಮತ್ತೆ ಜೋಡಿಸಿ ಮುದ್ರಿಸಿ. ಗುಡಿಸು, ಒತ್ತು ಮಾಯವಾಗಿದ್ದರೆ ಆ ಆಯ್ಕೆಯನ್ನು ನಿಲ್ಲಿಸಿ, ದೊಡ್ಡಕ್ಷರ ಸಣ್ಣಕ್ಷರಗಳ ಭೇದ ಉಳಿಸಿಕೊಂಡು ತಯಾರಿಸಿದ ಮೂಲ ಮಾದರಿಯನ್ನು ಬಳಸಿ, ತರಬೇತಿಯನ್ನು ಮೊದಲಿನಿಂದ ಮಾಡಿ. ಹಳೆಯ ತೂಕಗಳಿಗೆ, ಅಂದರೆ ಮಾದರಿ ಕಲಿತು ಒಳಗೆ ಇಟ್ಟುಕೊಂಡ ಸಂಖ್ಯೆಗಳಿಗೆ, ತೇಪೆ ಹಚ್ಚಲು ಬರುವುದಿಲ್ಲ.

ಎರಡನೆಯ ಶಂಕಿತ, ಅನುಸ್ವಾರದ ಜಾಗದಲ್ಲಿ ಕುಳಿತ ಸೊನ್ನೆ. ‘ಸಂಚಾರ’ ಮತ್ತು ‘ಸ೦ಚಾರ’ ಕಣ್ಣಿಗೆ ಒಂದೇ. ಎರಡನೆಯದರಲ್ಲಿ ಇರುವುದು ಕನ್ನಡದ ಅಂಕಿ ಸೊನ್ನೆ. ಮೊಬೈಲ್‌ನಲ್ಲಿ ಬೆರಳಚ್ಚಿಸಿ ಕಳಿಸುವ ಸ್ಥಳೀಯ ಸುದ್ದಿಗಳಲ್ಲೂ ಹಳೆಯ ಕಡತಗಳಲ್ಲೂ ಇದು ಸಿಗುತ್ತದೆ. ಎರಡು ಅಕ್ಷರಗಳ ನಡುವೆ ಒಂಟಿಯಾಗಿ ಕುಳಿತ ಸೊನ್ನೆಯನ್ನು ಅನುಸ್ವಾರವಾಗಿ ಬದಲಿಸಿ. ‘೧೦ರಂದು’ ಎಂಬಲ್ಲಿನಂತೆ ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ. ಇದೇ ಹೊತ್ತಿಗೆ ಇಡೀ ಪಠ್ಯವನ್ನು ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಸಂಕೇತದಲ್ಲಿ ಬರೆಯುವ ರೂಪಕ್ಕೆ, ತನ್ನಿ. ‘ಕೊ’ ಎಂಬಲ್ಲಿನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಸೇರಿಸಿ ಎರಡಾಗಿಯೂ ಬರೆಯಬಹುದು. ಮಾದರಿಗೆ ಅವು ಬೇರೆಬೇರೆ ಪದಗಳು.

ಮೂರನೆಯದು ನುಡಿ, ಬರಹ ತಂತ್ರಾಂಶಗಳ ಕಾಲದ ಹಳೆಯ ಅಕ್ಷರ ಸಂಕೇತಗಳಿಂದ ಯೂನಿಕೋಡಿಗೆ ಪರಿವರ್ತಿಸಿದ ಕಡತ. ಅಲ್ಲಿ ಅರ್ಕಾವತ್ತಿನ ಜಾಗ ತಪ್ಪುತ್ತದೆ: ‘ಕರ್ನಾಟಕ’ ಹೋಗಿ ‘ಕನಾರ್ಟಕ’, ‘ಗೋಕರ್ಣ’ ಹೋಗಿ ‘ಗೋಕಣರ್’. ಗೋಕರ್ಣದ ಕಡಲಿನಲ್ಲಿ ಪ್ರವಾಸಿಗರು ಸೆಳೆತಕ್ಕೆ ಸಿಲುಕಿದ ಸುದ್ದಿಗಳೆಲ್ಲ ಸ್ಥಳವಿಲ್ಲದ ಘಟನೆಗಳಾಗಿ ಉಳಿದಿದ್ದರೆ ಮೊದಲು ‘ಣರ್’ ಎಂದು ಹುಡುಕಿ. ಪಿಡಿಎಫ್‌ನಿಂದ ತೆಗೆದ ಪಠ್ಯವಾದರೆ, ಅಂಕಣದ ಅಂಚಿನಲ್ಲಿ ‘ಕುಸಿ’ ಒಂದು ಸಾಲಿನಲ್ಲೂ ‘ದಿದೆ’ ಮುಂದಿನ ಸಾಲಿನಲ್ಲೂ ಒಡೆದು ಬಿದ್ದಿರುವುದನ್ನೂ ನೋಡಿ.

ಗುರುತುಗಳು ಒಂದಕ್ಷರ ಜರುಗಿದಾಗ

ಇದು ಅಕ್ಷರದ ಹಂತಕ್ಕೂ ಗುರುತಿನ ಹಂತಕ್ಕೂ ನಡುವಿನ ದೋಷ. ‘ಟ್ಯಾಂಕರ್‌ಗಳ ಮೇಲೆ ಗುಡ್ಡ ಕುಸಿದಿದೆ’ ಎಂಬ ವಾಕ್ಯದಲ್ಲಿ ‘ರ್’ ಮತ್ತು ‘ಗ’ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇದೆ. ಗುರುತು ಹಾಕುವ ತಂತ್ರಾಂಶ ಅದನ್ನೂ ಒಂದು ಅಕ್ಷರವೆಂದು ಎಣಿಸುತ್ತದೆ. ಬರ್ಟ್‌ನ ಟೋಕನೈಸರ್ ಪಠ್ಯ ಶುಚಿಗೊಳಿಸುವಾಗ ಅದನ್ನು ಎಸೆಯುತ್ತದೆ. ಸ್ಥಾನದ ಎಣಿಕೆಯನ್ನು ನೀವೇ ಬರೆದ ಕೋಡಿನಲ್ಲಿ ಹೊಂದಿಸುತ್ತಿದ್ದರೆ, ಆ ಚಿಹ್ನೆಯ ನಂತರ ಬರುವ ಎಲ್ಲ ಗುರುತುಗಳೂ ಒಂದು ಸ್ಥಾನ ಮುಂದಕ್ಕೆ ಜರುಗುತ್ತವೆ. ‘ಕುಸಿದಿದೆ’ಯ ಗುರುತು ‘ಕ’ವನ್ನು ಬಿಟ್ಟು ಅದರ ಕೊಂಬಿನಿಂದ ಶುರುವಾಗುತ್ತದೆ. ಬಸ್, ಟ್ಯಾಂಕರ್, ಕಾರ್ ಎಂಬ ಪದಗಳು ದಟ್ಟವಾಗಿರುವ ಅಪಘಾತದ ಸುದ್ದಿಗಳಲ್ಲೇ ಮಾದರಿ ಹೆಚ್ಚು ಎಡವುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಗುರುತಿಸಿದ ಪ್ರತಿಯೊಂದು ಸೂಚಕ ಪದವನ್ನೂ ಸ್ಥಾನದ ಲೆಕ್ಕದಿಂದ ಕತ್ತರಿಸಿ ಪಟ್ಟಿಯಾಗಿ ಮುದ್ರಿಸಿ. ಒಂಟಿ ಕೊಂಬಿನಿಂದಲೋ ಒತ್ತಿನಿಂದಲೋ ಶುರುವಾಗುವ ತುಂಡುಗಳು ತಾವಾಗಿ ಎದ್ದು ಕಾಣುತ್ತವೆ.

ಟೋಕನೈಸರ್ ‘ಕುಸಿದುಬಿದ್ದಿರುವುದರಿಂದ’ ಎಂಬ ಪದವನ್ನು ಹಲವು ತುಂಡು ಮಾಡಿದಾಗ ಗುರುತನ್ನು ಮೊದಲ ತುಂಡಿಗೆ ಮಾತ್ರ ಕೊಟ್ಟು, ಉಳಿದವನ್ನು ಲೆಕ್ಕದಿಂದ ಬಿಡಬೇಕು. ಮಾದರಿ ಕಟ್ಟುವ ತಂತ್ರಾಂಶವಾದ ಪೈಟಾರ್ಚ್‌ನಲ್ಲಿ ಹಾಗೆ ಬಿಡಲು ಇರುವ ರೂಢಿಯ ಸಂಖ್ಯೆ −100. ಅದರ ಬದಲು ‘ಘಟನೆ ಇಲ್ಲ’ ಎಂಬ ಗುರುತು ಹೋದರೆ, ಪದ ಉದ್ದವಾದಷ್ಟೂ ಮಾದರಿ ಅದನ್ನು ಘಟನೆಯಲ್ಲವೆಂದು ಕಲಿಯುತ್ತದೆ. ಕನ್ನಡದಲ್ಲಿ ಸೂಚಕ ಕ್ರಿಯಾಪದಗಳೇ ಉದ್ದನೆಯ ಪದಗಳಾದ್ದರಿಂದ ಪೆಟ್ಟು ನೇರವಾಗಿ ರೀಕಾಲ್ ಮೇಲೆ ಬೀಳುತ್ತದೆ.

ಪದಗಳು ಹೀಗೆ ಒಡೆಯುವುದರಿಂದ ಇನ್ನೊಂದು ತೊಂದರೆಯೂ ಇದೆ. ಬರ್ಟ್ ಮಾದರಿಗಳು ಒಮ್ಮೆಗೆ 512 ತುಂಡುಗಳನ್ನು ಮಾತ್ರ ಓದುತ್ತವೆ. ‘ಜಿಲ್ಲೆಯಾದ್ಯಂತ ಮಳೆ’ ಎಂಬ ಶೀರ್ಷಿಕೆಯ ಉದ್ದನೆಯ ವರದಿ ಕಾರವಾರದಿಂದ ಶುರುವಾಗಿ, ಕರಾವಳಿ ಮುಗಿಸಿ, ಘಟ್ಟ ಹತ್ತಿ, ಹಳಿಯಾಳ, ದಾಂಡೇಲಿ, ಜೊಯಿಡಾಗಳಿಗೆ ಬರುವಷ್ಟರಲ್ಲಿ ಮಿತಿ ಮುಗಿದಿರುತ್ತದೆ. ಜೊಯಿಡಾದ ಘಟನೆಗಳೇ ಸಿಗುತ್ತಿಲ್ಲವೆಂದರೆ ವರದಿಗಳ ಉದ್ದವನ್ನು ತುಂಡುಗಳಲ್ಲಿ ಅಳೆಯಿರಿ. ವರದಿಯನ್ನು ಒಂದರ ಮೇಲೊಂದು ಸ್ವಲ್ಪ ಹಾಯುವ ಭಾಗಗಳಾಗಿ ಕತ್ತರಿಸಿ ಓದಿಸಿದರೆ ಸರಿಯಾಗುತ್ತದೆ.

ಗುರುತು ಹಾಕಿದವರ ನಡುವಿನ ಒಪ್ಪಂದ

‘ಮನೆ ಮೇಲೆ ಗುಡ್ಡ ಕುಸಿದು ಬಿದ್ದಿದೆ’ ಎಂಬಲ್ಲಿ ಸೂಚಕ ಪದ ಯಾವುದು? ಒಬ್ಬರು ‘ಕುಸಿದು’ ಎಂದು ಗುರುತು ಹಾಕುತ್ತಾರೆ, ಇನ್ನೊಬ್ಬರು ‘ಕುಸಿದು ಬಿದ್ದಿದೆ’ ಎಂದು, ಮತ್ತೊಬ್ಬರು ‘ಗುಡ್ಡ’ವನ್ನೂ ಸೇರಿಸುತ್ತಾರೆ. ಭೂಕುಸಿತ, ಭೂ ಕುಸಿತ, ಗುಡ್ಡ ಕುಸಿತ, ಧರೆ ಕುಸಿತ ಎಂದು ಬರೆಯುವ ರೀತಿಯೂ ನಾಲ್ಕು. ಅಂಕ ಕೊಡುವಾಗ ಗಡಿ ಅಕ್ಷರಶಃ ಹೊಂದಬೇಕೆಂದರೆ, ಮಾದರಿ ಸರಿಯಾದ ಜಾಗವನ್ನೇ ತೋರಿಸಿದರೂ ಒಂದು ತಪ್ಪಿಹೋದದ್ದೆಂದೂ ಒಂದು ಸುಳ್ಳೆಂದೂ ಎರಡು ದಂಡ ಬೀಳುತ್ತದೆ. ಗಡಿ ಸ್ವಲ್ಪ ಹಾಯ್ದರೂ ಸರಿ ಎಂಬ ಸಡಿಲ ಲೆಕ್ಕದಲ್ಲಿ ಒಮ್ಮೆ ಅಂಕ ಹಾಕಿ ನೋಡಿ. ಅಂಕ ಒಮ್ಮೆಲೇ ಮೇಲೇರಿದರೆ ಮಾದರಿಯಲ್ಲಿ ದೋಷವಿಲ್ಲ, ನಿಯಮ ಬರೆದಿಲ್ಲ ಅಷ್ಟೇ. ನಾನು ಪಾಲಿಸುವ ನಿಯಮ: ಮುಖ್ಯ ಅರ್ಥ ಹೊತ್ತ ಧಾತುವಿರುವ ಒಂದೇ ಪದ ಸಾಕು. ಬಿಡು, ಬೀಳು, ಹೋಗು, ಆಗು, ಗೊಳ್ಳು ಮುಂತಾದ ಸಹಾಯಕಗಳು ಪ್ರತ್ಯೇಕ ಪದವಾಗಿದ್ದರೆ ಹೊರಗಿರಲಿ.

ಬೇರೆ ಭಾಷೆಯ ದತ್ತಾಂಶದ ಮೇಲೆ ಪಳಗಿಸಿದ ಮಾದರಿಯನ್ನು ತಂದು ಕನ್ನಡಕ್ಕೆ ಹಚ್ಚಿದ್ದರೆ ಅದರ ಘಟನಾಪಟ್ಟಿಯನ್ನೂ ನೋಡಿಕೊಳ್ಳಿ. ಈ ಕ್ಷೇತ್ರದಲ್ಲಿ ಬಹುಕಾಲ ಅಳತೆಗೋಲಾಗಿದ್ದ ಎಸಿಇ 2005 ಎಂಬ, ಘಟನೆಗಳಿಗೆ ಗುರುತು ಹಾಕಿದ ಪಠ್ಯಗಳ ಸಂಗ್ರಹ ಇಂಗ್ಲಿಷ್, ಚೀನೀ, ಅರಬ್ಬೀ ಭಾಷೆಗಳದು. ಅದರಲ್ಲಿ 8 ಮುಖ್ಯ ಬಗೆಗಳೂ 33 ಉಪಬಗೆಗಳೂ ಇವೆ. ಸಾವು, ಬಂಧನ, ದಾಳಿ, ಪ್ರಯಾಣ, ನೇಮಕ ಎಲ್ಲ ಇವೆ. ಪ್ರಕೃತಿ ವಿಕೋಪ ಇಲ್ಲವೇ ಇಲ್ಲ. ಅಂಥ ಮಾದರಿಗೆ ಗುಡ್ಡದಡಿ ಸಿಲುಕಿ ಸತ್ತವರು ಕಾಣುತ್ತಾರೆ, ಗುಡ್ಡ ಕುಸಿದದ್ದು ಕಾಣುವುದಿಲ್ಲ. 2020ರಲ್ಲಿ ಬಂದ ಮೇವನ್ ಸಂಗ್ರಹದಲ್ಲಿ 168 ಬಗೆಗಳಿದ್ದು ವಿಪತ್ತುಗಳೂ ಸೇರಿವೆ. ಆದರೆ ಅದು ಇಂಗ್ಲಿಷ್ ವಿಕಿಪೀಡಿಯದಿಂದ ಆಯ್ದದ್ದು, ನಮ್ಮ ತಾಲ್ಲೂಕು ವರದಿಗಳ ಜಾಡು ಅದಕ್ಕೆ ಪರಿಚಯವಿಲ್ಲ.

ಪರೀಕ್ಷೆಯಲ್ಲಿ ಪಾಸು, ಮಳೆಯಲ್ಲಿ ನಾಪಾಸು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮಣ್ಣು ಗಂಗಾವಳಿ ನದಿಗೂ ನುಗ್ಗಿತು. ನಾಪತ್ತೆಯಾದವರ ಶೋಧ, ನದಿಯಾಳದಲ್ಲಿದ್ದ ಲಾರಿಯ ಹುಡುಕಾಟ ಎಂದು ಸೆಪ್ಟೆಂಬರ್‌ವರೆಗೂ ವರದಿಗಳು ಬರುತ್ತಲೇ ಇದ್ದವು. ಆ ವರ್ಷದ ಸುದ್ದಿಗಳನ್ನು ಕಲಸಿ, ಒಂದಷ್ಟನ್ನು ತರಬೇತಿಗೂ ಒಂದಷ್ಟನ್ನು ಪರೀಕ್ಷೆಗೂ ಎತ್ತಿಟ್ಟರೆ ಒಂದೇ ಘಟನೆಯ ವರದಿಗಳು ಎರಡೂ ಕಡೆ ಸೇರುತ್ತವೆ. ಮಾದರಿ ಕಲಿಯುವುದು ‘ಶಿರೂರು ಎಂದರೆ ಭೂಕುಸಿತ’ ಎಂಬುದನ್ನು. ಅಂಕ ಹೊಳೆಯುತ್ತದೆ.

ಪತ್ತೆ ಮಾಡಲು ಊರಿನ ಹೆಸರು ಬದಲಿಸಿ ನೋಡಿ. ‘ಶಿರೂರು ಬಳಿ ಗುಡ್ಡ ಕುಸಿದಿದೆ’ ಎಂಬಲ್ಲಿ ಶಿರೂರು ತೆಗೆದು ಹಳದೀಪುರ ಎಂದಿಡಿ. ಉತ್ತರದ ಖಚಿತತೆ ಜಾರಿದರೆ ಮಾದರಿ ಊರನ್ನು ಬಾಯಿಪಾಠ ಮಾಡಿದೆ. ತಿರುಗಿಸಿಯೂ ನೋಡಿ: ‘ಶಿರೂರಿನಲ್ಲಿ ಶನಿವಾರ ರಾತ್ರಿ ಯಕ್ಷಗಾನ’ ಎಂದು ಕೊಟ್ಟಾಗ ಭೂಕುಸಿತ ಎಂದಿತೇ? ಪರಿಹಾರವೆಂದರೆ ಕಾಲದ ಗೆರೆ ಎಳೆದು ವಿಂಗಡಿಸುವುದು. ಒಂದು ಮಳೆಗಾಲದವರೆಗಿನದು ತರಬೇತಿಗೆ, ಅದರ ನಂತರದ್ದು ಪರೀಕ್ಷೆಗೆ. ಅಂಕ ಇಳಿಯುತ್ತದೆ, ಇಳಿಯಲಿ. ಜನರ ಕೈಗೆ ಕೊಡುವ ಮುನ್ನ ನಿಮಗೆ ಗೊತ್ತಿರಬೇಕಾದ ಅಂಕ ಅದೇ.

ಒಂದೇ ಪದ, ಹಲವು ಘಟನೆ

ಕದ್ರಾ ಅಣೆಕಟ್ಟೆಯಿಂದ ನೀರು ಬಿಡುಗಡೆ. ಸಂತ್ರಸ್ತರಿಗೆ ಪರಿಹಾರ ಬಿಡುಗಡೆ. ಜಾಮೀನಿನ ಮೇಲೆ ಬಿಡುಗಡೆ. ಕಾರವಾರದಲ್ಲಿ ಕವನ ಸಂಕಲನ ಬಿಡುಗಡೆ. ನಾಲ್ಕೂ ಒಂದೇ ದಿನದ ಪತ್ರಿಕೆಯಲ್ಲಿ ಬರಬಹುದು. ಕುಸಿತ ಗುಡ್ಡದ್ದೂ ಆಗಬಹುದು, ಸೇತುವೆಯದ್ದೂ, ಅಡಿಕೆ ದರದ್ದೂ. ‘ಅಂಕೋಲಾ ಬಂದ್’ ಎಂದರೆ ಹೋರಾಟ, ‘ಘಟ್ಟ ರಸ್ತೆ ಬಂದ್’ ಎಂದರೆ ಅಪಾಯ. ಬಲೆಗೆ ಬೀಳುವುದು ಬಂಗಡೆಯೂ ಹೌದು, ಲಂಚ ಪಡೆದ ಅಧಿಕಾರಿಯೂ ಹೌದು.

ಇಲ್ಲಿ ಬೇಕಾದದ್ದು ಪ್ರತಿಕೂಲ ಉದಾಹರಣೆಗಳು, ಅಂದರೆ ಅದೇ ಪದವಿದ್ದೂ ಆ ಘಟನೆಯಿಲ್ಲದ ವಾಕ್ಯಗಳು. ಗುರುತು ಹಾಕುವಾಗ ಮಳೆ ಸುದ್ದಿಗಳನ್ನಷ್ಟೇ ಆರಿಸಿ ತಂದಿದ್ದರೆ ಮಾದರಿ ‘ಕುಸಿತ’ವನ್ನು ಮಣ್ಣಿನ ಜೊತೆ ಬಿಟ್ಟು ಬೇರೆಲ್ಲೂ ಕಂಡಿರುವುದಿಲ್ಲ. ಶಿರಸಿಯ ಮಾರುಕಟ್ಟೆ ವರದಿ, ಸಾಂಸ್ಕೃತಿಕ ಪುಟ, ನ್ಯಾಯಾಲಯದ ಸುದ್ದಿಗಳನ್ನೂ ತರಬೇತಿಗೆ ಸೇರಿಸಿ. ಅವುಗಳಲ್ಲಿ ಘಟನೆಯ ಗುರುತು ಇಲ್ಲದಿದ್ದರೂ ಅವುಗಳಿಗೆ ಬೆಲೆಯಿದೆ. ಈ ದೋಷಕ್ಕೆ ಪದಗಳ ನಿಷೇಧಪಟ್ಟಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ‘ದರ’ ಎಂಬ ಪದ ಇದ್ದರೆ ಕುಸಿತವನ್ನು ಬಿಡು ಎಂದು ಬರೆದ ನಿಯಮ, ಅಡಿಕೆ ದರದ ವರದಿಯ ನಡುವೆ ‘ಘಟ್ಟ ಕುಸಿದು ಲಾರಿಗಳು ನಿಂತಿವೆ’ ಎಂದು ಬಂದ ದಿನ ಅದನ್ನೂ ನುಂಗಿಬಿಡುತ್ತದೆ.

ನಡೆದದ್ದು, ನಡೆಯಬಹುದಾದದ್ದು, ನಡೆಯದೇ ಇದ್ದದ್ದು

ಕನ್ನಡದ ಘಟನೆ ಪತ್ತೆಯಲ್ಲಿ ನಿಜವಾದ ಕಷ್ಟ ಇಲ್ಲಿದೆ. ಹಿಂದಿನ ದೋಷಗಳಿಗೆ ಔಷಧಿ ಇದೆ, ಇದಕ್ಕೆ ತಾಳ್ಮೆ ಬೇಕು.

ನಮ್ಮ ಸುದ್ದಿ ವಾಕ್ಯ ಹೀಗಿರುತ್ತದೆ: ‘ಗುಡ್ಡ ಕುಸಿದು, ಮರಗಳು ಉರುಳಿ, ವಿದ್ಯುತ್ ಕಂಬಗಳು ಮುರಿದು, ಸಂಚಾರ ಸ್ಥಗಿತಗೊಂಡಿದೆ.’ ನಾಲ್ಕು ಘಟನೆಗಳಿವೆ, ಪೂರ್ಣ ಕ್ರಿಯಾಪದ ಕೊನೆಯಲ್ಲಿ ಒಂದೇ. ವಾಕ್ಯಕ್ಕೊಂದು ಬಗೆ ಎಂದು ಹೇಳುವ ಮಾದರಿಯನ್ನು ಕಟ್ಟಿದ್ದರೆ ಮೂರು ಘಟನೆಗಳು ಅಲ್ಲೇ ಹೋದವು. ಒಂದು ವಾಕ್ಯದಲ್ಲಿ ಒಂದಕ್ಕಿಂತ ಹೆಚ್ಚು ಘಟನೆ ಇರುವ ಸಮಸ್ಯೆ ಇಂಗ್ಲಿಷಿನಲ್ಲೂ ಇತ್ತು. ವಾಕ್ಯವನ್ನು ಭಾಗಭಾಗವಾಗಿ ನೋಡಿ ಮಾಹಿತಿ ಉಳಿಸಿಕೊಳ್ಳುವ ಡೈನಾಮಿಕ್ ಮಲ್ಟಿ-ಪೂಲಿಂಗ್ ಎಂಬ ಪದ್ಧತಿ 2015ರಲ್ಲಿ ಬಂದದ್ದು ಅದಕ್ಕಾಗಿಯೇ. ಕನ್ನಡದಲ್ಲಿ ಇಂಥ ವಾಕ್ಯವೇ ಸಾಮಾನ್ಯ. ಪದಪದಕ್ಕೂ ಗುರುತು ಕೊಡುವ ಕ್ರಮವನ್ನೇ ಅನುಸರಿಸಿ.

ಇನ್ನು ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿ:

ಗುಡ್ಡ ಕುಸಿದು ರಸ್ತೆ ಬಂದ್ ಆಗುವ ಭೀತಿ ಎದುರಾಗಿದೆ.

ಗುಡ್ಡ ಕುಸಿದಿದ್ದು, ಇನ್ನಷ್ಟು ಮಣ್ಣು ಜರಿಯುವ ಭೀತಿ ಎದುರಾಗಿದೆ.

ಮೊದಲನೆಯದರಲ್ಲಿ ಏನೂ ಆಗಿಲ್ಲ. ‘ಭೀತಿ’ ಎಂಬ ಪದದ ನೆರಳು ಹಿಂದಕ್ಕೆ ಚಾಚಿ ‘ಕುಸಿದು’ವಿನವರೆಗೂ ಹೋಗುತ್ತದೆ. ಎರಡನೆಯದರಲ್ಲಿ ಕುಸಿತ ಆಗಿಹೋಗಿದೆ, ಭೀತಿ ಮುಂದಿನದಕ್ಕೆ ಮಾತ್ರ. ಓದುಗನಿಗೆ ‘ಇದ್ದು’ ಎಂಬ ಸಣ್ಣ ಪ್ರತ್ಯಯ ಸಾಕು. ಟೋಕನೈಸರ್ ಅದನ್ನು ಒಡೆದು ಚೂರು ಮಾಡಿರುತ್ತದೆ, ಮಾದರಿ ಕೊನೆಯ ‘ಭೀತಿ’ಯನ್ನಷ್ಟೇ ನೆಚ್ಚಿಕೊಂಡಿರುತ್ತದೆ. ‘ಗುಡ್ಡ ಕುಸಿದರೂ ಹಾನಿಯಾಗಿಲ್ಲ’ ಎಂಬಲ್ಲಿ ‘ಇಲ್ಲ’ ಸೇರುವುದು ಹಾನಿಗೆ, ಕುಸಿತ ನಡೆದಿದೆ. ‘ಕುಸಿದರೆ ಸಂಪರ್ಕ ಕಡಿತ’ ಎಂಬಲ್ಲಿ ಎರಡೂ ನಡೆದಿಲ್ಲ. ‘ರೂ’ ಮತ್ತು ‘ರೆ’ಗಳ ನಡುವಿನ ವ್ಯತ್ಯಾಸದ ಮೇಲೆ ಒಂದು ರಸ್ತೆಯ ಸ್ಥಿತಿ ನಿಂತಿದೆ.

ಪತ್ತೆಯಾದ ಘಟನೆಗೆ ‘ನಡೆದಿದೆ, ನಡೆದಿಲ್ಲ, ನಡೆಯಬಹುದು’ ಎಂಬ ಇನ್ನೊಂದು ಗುರುತನ್ನು ಪ್ರತ್ಯೇಕವಾಗಿ ಕಲಿಸಿ. ಘಟನೆಯ ಬಗೆಯೊಳಗೇ ಇದನ್ನು ಬೆರೆಸಬೇಡಿ. ಬೆರೆಸಿದರೆ ಎಲ್ಲಿ ತಪ್ಪಿತೆಂದು ತಿಳಿಯುವುದಿಲ್ಲ. ಎಸಿಇ ಸಂಗ್ರಹದಲ್ಲೂ ಘಟನೆ ನಡೆಯಿತೇ ಇಲ್ಲವೇ ಎಂಬುದಕ್ಕೆ, ಅದನ್ನು ಖಚಿತವಾಗಿ ಹೇಳಿದೆಯೇ ಎಂಬುದಕ್ಕೆ ಪ್ರತ್ಯೇಕ ಗುಣಗಳನ್ನೇ ಇಟ್ಟಿದ್ದಾರೆ. ಆಮೇಲೆ ಒಂದೊಂದು ಧಾತುವಿಗೂ ಕುಸಿದು, ಕುಸಿದಿದ್ದು, ಕುಸಿದರೂ, ಕುಸಿದರೆ, ಕುಸಿಯುವ, ಕುಸಿಯದಂತೆ, ಕುಸಿದಿಲ್ಲ ಎಂಬ ರೂಪಗಳ ವಾಕ್ಯಮಾಲೆ ಮಾಡಿ, ಪರೀಕ್ಷೆಯ ಕಡತವಾಗಿ ಇಟ್ಟುಕೊಳ್ಳಿ. ಮಾದರಿಯಲ್ಲಿ ಏನು ಬದಲಿಸಿದರೂ ಈ ಕಡತದ ಮೇಲೆ ಓಡಿಸಿ ನೋಡಿ. ಯಾವ ರೂಪದಲ್ಲಿ ಎಡವುತ್ತದೋ ಆ ರೂಪದ ವಾಕ್ಯಗಳನ್ನು ನಿಜವಾದ ಸುದ್ದಿಗಳಿಂದ ಆಯ್ದು ತರಬೇತಿಗೆ ಸೇರಿಸಿ. ನೀವೇ ಹೊಸೆದ ವಾಕ್ಯಗಳಿಂದ ತರಬೇತಿ ಕೊಟ್ಟರೆ ಮಾದರಿ ನಿಮ್ಮ ಶೈಲಿಯನ್ನು ಕಲಿಯುತ್ತದೆ, ವರದಿಗಾರರದನ್ನಲ್ಲ.

ಊರು ಮತ್ತು ದಿನ

ನಕ್ಷೆಯಲ್ಲಿ ಭೂಕುಸಿತದ ಚುಕ್ಕಿಗಳೆಲ್ಲ ಕಾರವಾರ ನಗರದ ಮೇಲೆ ರಾಶಿ ಬಿದ್ದಿದ್ದರೆ, ವರದಿಯ ತಲೆಯಲ್ಲಿರುವ ‘ಕಾರವಾರ:’ ಎಂಬುದನ್ನು ಮಾದರಿ ಸ್ಥಳವೆಂದು ತಿಳಿದಿದೆ. ಅದು ಸುದ್ದಿ ಕಳಿಸಿದ ಊರು. ತರಬೇತಿಗೂ ಮುನ್ನ ಅದನ್ನು ಬೇರ್ಪಡಿಸಿ. ಶಿರೂರು ಎಂಬ ಊರು ಅಂಕೋಲಾ ತಾಲ್ಲೂಕಿನಲ್ಲೂ ಇದೆ, ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲೂ ಇದೆ. ಎರಡೂ ಹೆದ್ದಾರಿ 66ರ ಮೇಲೆಯೇ. ಪಕ್ಕದಲ್ಲಿ ಗಂಗಾವಳಿ, ಅಂಕೋಲಾ ಎಂದು ಬಂದಿದೆಯೇ ಎಂದು ನೋಡದೆ ಚುಕ್ಕಿ ಇಡಬೇಡಿ. ಹಳೆಯ ವರದಿಗಳಲ್ಲಿ ಇದೇ ಹೆದ್ದಾರಿ 17 ಎಂದಿರುತ್ತದೆ. ಜಿಲ್ಲೆಯ ಊರುಗಳ ಹೆಸರಿಲ್ಲದ ಸುದ್ದಿಯನ್ನು ಸೋಸಿ ಎಸೆಯುವ ಜಾಲರಿ ಹಾಕಿದ್ದರೆ ಲಿಂಗನಮಕ್ಕಿಯ ಸುದ್ದಿ ಹೊರಗೆ ಹೋಗುತ್ತದೆ. ಆ ಅಣೆಕಟ್ಟೆ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ, ಅಲ್ಲಿ ಬಿಟ್ಟ ನೀರು ಬರುವುದು ಹೊನ್ನಾವರದ ಶರಾವತಿ ದಡಕ್ಕೆ.

ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು 2024ರ ಆಗಸ್ಟ್ 7ರ ನಸುಕಿನಲ್ಲಿ, ಬುಧವಾರ. ಅಂಥ ಹೊತ್ತನ್ನು ಬರಹದಲ್ಲಿ ‘ಮಂಗಳವಾರ ತಡರಾತ್ರಿ’ ಎನ್ನುವ ರೂಢಿ ಇದೆ. ದಿನ ಲೆಕ್ಕ ಹಾಕುವ ಕೋಡು ಇದನ್ನು ಅರಿಯದಿದ್ದರೆ ಒಂದೇ ಸೇತುವೆ ಎರಡು ದಿನ ಎರಡು ಬಾರಿ ಕುಸಿಯುತ್ತದೆ. ‘ಗುಡ್ಡ ಕುಸಿತ ಸಂಭವಿಸಿದ್ದ ಶಿರೂರಿನಲ್ಲಿ’ ಎಂಬಂಥ ಹಿನ್ನೆಲೆಯ ಮಾತುಗಳಿಂದ ಹೊಸ ಘಟನೆ ಹುಟ್ಟದಂತೆಯೂ ನೋಡಿಕೊಳ್ಳಿ. ಸ್ಥಳ, ಬಗೆ ಎರಡೂ ಹೊಂದುವ ಹಳೆಯ ದಾಖಲೆ ಇದ್ದರೆ ಮೊದಲು ಅದಕ್ಕೆ ಜೋಡಿಸಿ, ನಂತರ ಹೊಸದೇ ಎಂದು ಕೇಳಿ.

ಈಗ ನೆಟ್‌ವರ್ಕ್

ಇಷ್ಟೆಲ್ಲ ಸರಿಯಿದ್ದೂ ಫಲಿತಾಂಶ ಕೆಟ್ಟಿದ್ದರೆ, ಇಪ್ಪತ್ತು ವಾಕ್ಯಗಳನ್ನಷ್ಟೇ ಕೊಟ್ಟು ತರಬೇತಿ ಮಾಡಿ. ಅವನ್ನೂ ಪೂರ್ತಿ ಬಾಯಿಪಾಠ ಮಾಡಲಾಗದಿದ್ದರೆ ಕೋಡಿನಲ್ಲಿ ತಪ್ಪಿದೆ. ಕಲಿಕೆಯ ದರ, ಅಂದರೆ ಒಂದೊಂದು ಹೆಜ್ಜೆಗೆ ತೂಕಗಳು ಎಷ್ಟು ಬದಲಾಗಬೇಕೆಂಬ ಅಳತೆ, 0.00002ರಿಂದ 0.00005ರ ನಡುವೆ ಇರಲಿ, ತರಬೇತಿಯ ಪಠ್ಯವನ್ನು ಎರಡರಿಂದ ನಾಲ್ಕು ಸುತ್ತು ಓದಿಸಿದರೆ ಸಾಕು. ಬರ್ಟ್ ರೂಪಿಸಿದವರೇ ಸೂಚಿಸಿದ ಅಳತೆ ಇದು. ದತ್ತಾಂಶ ಚಿಕ್ಕದಾದರೆ ಆರಂಭದ ಯಾದೃಚ್ಛಿಕ ಸಂಖ್ಯೆ ಬದಲಾದಂತೆ ಅಂಕವೂ ಏರಿಳಿಯುತ್ತದೆ, ಆದ್ದರಿಂದ ಹಲವು ಸಲ ಓಡಿಸಿ ಸರಾಸರಿ ನೋಡಿ. ತರಬೇತಿಯಲ್ಲಿ ನೆಟ್‌ವರ್ಕಿನ ಕೆಲವು ಭಾಗಗಳನ್ನು ಆಗಾಗ ಸುಮ್ಮನಿರಿಸುವ ಏರ್ಪಾಡಾದ, ಪರೀಕ್ಷೆಯ ಹೊತ್ತಿನಲ್ಲಿ ಬೇಡದ ಡ್ರಾಪ್‌ಔಟ್ ಆರಿದೆಯೇ, ಉಳಿಸಿದ ತೂಕಗಳಲ್ಲಿ ಕೊನೆಯ ಪದರವೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮೂಲ ಮಾದರಿಯಾಗಿ ಬಹುಭಾಷಾ ಬರ್ಟ್, ಎಕ್ಸ್‌ಎಲ್‌ಎಂ-ರಾಬರ್ಟಾ, ಮ್ಯೂರಿಲ್ ಮೂರೂ ಕನ್ನಡ ಬಲ್ಲವು. ಭಾರತೀಯ ಭಾಷೆಗಳಿಗೆಂದೇ ತಯಾರಾದ ಮ್ಯೂರಿಲ್‌ನಿಂದ ಶುರುಮಾಡಿ.

ಮಾದರಿ ಸುಮ್ಮನಿದ್ದರೆ

ಎಲ್ಲೆಡೆ ಮಳೆ ಸುರಿಯುತ್ತಿದ್ದರೂ ಒಂದು ತಾಲ್ಲೂಕಿನಿಂದ ಘಟನೆಯೇ ಬಾರದಿದ್ದರೆ, ಮಾದರಿಯನ್ನು ಬೈಯುವ ಮುನ್ನ ಆ ತಾಲ್ಲೂಕಿನ ಸುದ್ದಿಗಳು ಎಷ್ಟು ಬಂದಿವೆ ಎಂದು ಎಣಿಸಿ. ವಿದ್ಯುತ್ ಹೋಗಿ ಮೊಬೈಲ್ ಗೋಪುರಗಳು ನಿಂತರೆ ಜೊಯಿಡಾದ ಕಾಡಿನೊಳಗಿನ ಹಳ್ಳಿಗಳಿಂದ ಸುದ್ದಿ ಹೊರಡುವುದೇ ತಡ. ಬರೆಯದ ಸುದ್ದಿಯನ್ನು ಯಾವ ನೆಟ್‌ವರ್ಕೂ ಓದಲಾರದು. ತಾಲ್ಲೂಕುವಾರು ಬಂದ ಪಠ್ಯಗಳ ಸಂಖ್ಯೆಯನ್ನು ನಿತ್ಯವೂ ದಾಖಲಿಸಿ. ಅದು ವಾಡಿಕೆಗಿಂತ ತೀರ ಕೆಳಗಿಳಿದ ದಿನ ನಕ್ಷೆಯಲ್ಲಿ ಆ ತಾಲ್ಲೂಕಿಗೆ ‘ಘಟನೆ ಇಲ್ಲ’ ಎಂಬ ಹಸಿರು ಬಣ್ಣ ಹಾಕಬೇಡಿ. ಬೂದು ಬಣ್ಣ ಹಾಕಿ ‘ಮಾಹಿತಿ ಬಂದಿಲ್ಲ’ ಎಂದು ಬರೆಯಿರಿ, ಕೊನೆಯ ಸುದ್ದಿ ತಲುಪಿದ ಗಂಟೆಯನ್ನೂ ಅದರ ಕೆಳಗೆ ಕಾಣಿಸಿ.